ಗೃಹಕೃತ್ಯವೂ ಸ್ವಭಾವೋಕ್ತಿಯೂ

ಅಡುಗೆ, ಹಟ್ಟಿ, ಗದ್ದೆ ಮೊದಲಾದ ಮನೆವಾರ್ತೆಯ ಸಂಗತಿಗಳು ಸಾಹಿತ್ಯಕ್ಕೆ ಯೋಗ್ಯವಾದ ವಸ್ತುಗಳೇ ಎಂಬ ಪ್ರಶ್ನೆಯು ಹೊಸತಲ್ಲ. ಇದ್ದುದನ್ನು ಇದ್ದಂತೆಯೇ ಹೇಳುವ ಸ್ವಭಾವೋಕ್ತಿಗೆ ದಂಡಿಯು ಅಲಂಕಾರಗಳಲ್ಲಿ ಅಗ್ರಸ್ಥಾನವನ್ನಿತ್ತನು. ಕುಂತಕನಾದರೋ ಸ್ವಭಾವವು ಅಲಂಕಾರ್ಯವೇ ಹೊರತು ಅಲಂಕಾರವಲ್ಲವೆಂದನು. ಈ ವಿವಾದವನ್ನು ಮನಸ್ಸಿನಲ್ಲಿಟ್ಟುಕೊಂಡು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಎಂಬ ಕಾದಂಬರಿಯನ್ನು ಪರಿಶೀಲಿಸುವುದು ಉಚಿತವಾಗಿದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಗಾಡಿನ ಸ್ಥಿತಿವಂತರ ಗೃಹಜೀವನವು ನಮಗೆ ವಿದಿತವಾಗುವುದು ಬಹುಮಟ್ಟಿಗೆ ಅವರ ಮನೆಯ ಪತ್ರಗಳಿಂದ. ಹ್ಯಾಂಪ್‌ಷೈರಿನ ಪಾದ್ರಿಯೊಬ್ಬರ ಮಗಳಾದ ಜೇನ್ ಆಸ್ಟೆನ್ 1796ರಿಂದ 1817ರವರೆಗೆ ಬರೆದ ಪತ್ರಗಳಲ್ಲಿ ಸುಮಾರು 160 ಉಳಿದಿವೆ. ಹೆಚ್ಚಿನವು ಅಕ್ಕ ಕಸಾಂಡ್ರಳಿಗೆ ಬರೆದವು. ಬಟ್ಟೆಯ ಕ್ರಯ, ನೃತ್ಯಕೂಟ, ನೆಂಟರ ಬರವು, ಹೆರಿಗೆಯ ಸುದ್ದಿ, ಇವೇ ಅಲ್ಲಿಯ ವಿಷಯಗಳು. ಕಸಾಂಡ್ರಳು ಕೊನೆಗಾಲದಲ್ಲಿ ಬಹಳಷ್ಟನ್ನು ಸುಟ್ಟುಹಾಕಿದಳು. ಆದರೂ ಉಳಿದಷ್ಟೇ ಒಂದು ಸಮಾಜದ ಚಿತ್ರಕ್ಕೆ ಸಾಕಾಯಿತು.

ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಬರೆಹವೆಂದರೆ ಜಾತಕ, ಲೆಕ್ಕದ ಕಡತ, ಅಡವು ಕ್ರಯಗಳ ದಸ್ತಾವೇಜು. ಅವುಗಳಲ್ಲಿ ಹೆಂಗಸರ ಮಾತಿಲ್ಲ; ಅಕ್ಷರವನ್ನೇ ಕಲಿಸದ ಮೇಲೆ ಅವರು ಪತ್ರವನ್ನು ಬರೆಯುವುದೆಂತು? ಈ ತೆರವನ್ನು ಕಾರಂತರ ಕೃತಿಯು ತುಂಬಿದೆ. ಕಡಲಿಗೂ ಹೊಳೆಗೂ ನಡುವಣ ಕೋಡಿಯಲ್ಲಿ ರಾಮ ಐತಾಳರ ಮನೆತನದ ಮೂರು ತಲೆಮಾರುಗಳ ಕಥೆಯಿದು. ಆದರೆ ಆ ಮನೆಯ ಭಾರವನ್ನು ಹೊತ್ತವರು ಅವರ ಒಡಹುಟ್ಟಿದ ವಿಧವೆ ಸರಸೋತಿ, ಮಡದಿ ಪಾರೋತಿ. ಗದ್ದೆಯ ದುಡಿಮೆ, ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಹಿಡಿಯುವುದು, ದನಕರುಗಳ ಚಾಕರಿ, ಇವುಗಳ ವರ್ಣನೆಯು ಅತಿದೀರ್ಘವೆಂದು ಆಕ್ಷೇಪಿಸುವವರುಂಟು. ನಾನದನ್ನು ಒಪ್ಪಲಾರೆ. ಸಂತಾನವಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಮದುವೆಯಾದಾಗ ಪಾರೋತಿಯ ದುಃಖವು ನಮ್ಮ ಎದೆಯನ್ನು ತಟ್ಟುವುದು ಆಕೆಯ ಕಣ್ಣೀರಿನಿಂದಲ್ಲ. ಆಕೆಯ ದುಡಿಮೆಯನ್ನು ನಾವು ಮೊದಲೇ ಕಣ್ಣಾರೆ ಕಂಡವರಾದುದರಿಂದ. ಇಲ್ಲಿ ದುಡಿಮೆಯ ವರ್ಣನೆಯು ಮೇಲೆ ತೊಡಿಸಿದ ಒಡವೆಯಲ್ಲ, ಕರುಣರಸಕ್ಕೆ ಆಧಾರವಾದ ಶರೀರವೇ ಆಗಿದೆ. ಈ ಮಟ್ಟಿಗೆ ಕುಂತಕನ ಮಾತೇ ಗೆದ್ದಿತೆನ್ನಬೇಕು.

ಐತಾಳರು ದುರ್ಮಾರ್ಗಿಯಾದ ಮಗ ಲಚ್ಚನನ್ನು ಬಿಟ್ಟು ಸೊಸೆ ನಾಗವೇಣಿಯ ಹೆಸರಿಗೆ ಆಸ್ತಿಯನ್ನು ಬರೆದಿಡುವ ಪ್ರಸಂಗವೂ ಮನನೀಯವಾದುದು. ಹೆಂಗಸಿನ ಹೆಸರು ಕೊನೆಗೊಮ್ಮೆ ಆ ಮನೆಯ ಕಾಗದವನ್ನು ಸೇರುತ್ತದೆ; ಅದೂ ಗಂಡಸಿನ ಮೇಲಣ ನಂಬಿಕೆಯು ಅಳಿದ ಬಳಿಕ!

ದೋಷವಿಲ್ಲವೆಂದಲ್ಲ. ಮೊಮ್ಮಗ ರಾಮನು ಮದರಾಸಿನ ವಿದ್ಯಾಭ್ಯಾಸದಲ್ಲಿಯೂ ಸ್ವಾತಂತ್ರ್ಯದ ಚಳವಳಿಯಲ್ಲಿಯೂ ತೊಡಗುವ ಭಾಗದಲ್ಲಿ ಪಟ್ಟಣವು ಕೋಡಿಯಷ್ಟು ಜೀವಂತವಾಗಿ ಮೂಡಿಲ್ಲ. ವಿಚಾರವು ಹೆಚ್ಚಿ ವಸ್ತುಗಳು ಮಸುಕಾಗಿವೆ. ಆತನು ಊರಿಗೆ ಮರಳಿದೊಡನೆ ಬರೆಹಕ್ಕೆ ಹಿಂದಿನ ಕಸುವು ಬರುತ್ತದೆ.

ಎಲ್ಲ ಮನೆಗಳಿಗೂ ಒಬ್ಬ ಕಾರಂತರು ದೊರೆಯಲಾರರು. ಆದುದರಿಂದ ವಾಚಕಮಹಾಶಯರು ತಮ್ಮ ಅಟ್ಟದ ಪೆಟ್ಟಿಗೆಯಲ್ಲಿ ತಾಯಿ ಅಜ್ಜಿಯರು ಬರೆದ ಇಲ್ಲವೆ ಬರೆಯಿಸಿದ ಕಾಗದವೊಂದು ದೊರೆತರೆ, ಅದರಲ್ಲಿ ಅಕ್ಕಿಯ ಧಾರಣೆ, ಹಸು ಈದ ಸುದ್ದಿಗಳಷ್ಟೇ ಇವೆಯೆಂದು ಒಲೆಗೆ ಹಾಕದಿರಲಿ. ಮನೆಯ ಚರಿತ್ರೆಯೆಂದರೆ ಅದೇ.