ಗೋವಾಕ್ಕೆ ಹೋದ ಪತ್ತೇದಾರ ಬೀದರಿಗೆ ಬರಲಿಲ್ಲ

ಕನ್ನಡದ ಗೂಢಚಾರ ಚಿತ್ರ ಎಂದೊಡನೆ ನಾಲ್ಕು ಹೆಸರು ನೆನಪಿಗೆ ಬರುತ್ತವೆ: 1968ರ ‘ಜೇಡರ ಬಲೆ’, ಅದೇ ವರ್ಷದ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷದ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರ ‘ಆಪರೇಷನ್ ಡೈಮಂಡ್ ರ್‍ಯಾಕೆಟ್’. ನಾಲ್ಕನ್ನೂ ಕಟ್ಟಿದವರು ದೊರೈ–ಭಗವಾನ್, ನಾಯಕ ರಾಜ್‌ಕುಮಾರ್. ಕಿರೀಟ, ಜನಿವಾರ, ಕಂಬಳಿಗಳಲ್ಲಿ ಜನ ಒಪ್ಪಿಕೊಂಡಿದ್ದ ನಟನಿಗೆ ಸೂಟು ತೊಡಿಸಿ ಕೈಗೆ ಪಿಸ್ತೂಲು ಕೊಡುವುದಕ್ಕೆ ಎದೆಗಾರಿಕೆ ಬೇಕಿತ್ತು.

ಬಾಂಡ್ ಚಿತ್ರಗಳ ನೆರಳು ಇವುಗಳ ಮೇಲೆ ದಟ್ಟವಾಗಿದೆ. ಆದರೆ 1962ರ ‘ಡಾ. ನೋ’ದಿಂದ ಶುರುಮಾಡಿ ಹದಿಮೂರು ಬಾಂಡ್ ಚಿತ್ರಗಳ ಬರವಣಿಗೆಯಲ್ಲಿ ಕೈಯಿದ್ದ ರಿಚರ್ಡ್ ಮೈಬಾಮ್‌ನ ಮೇಜಿನ ಮೇಲೆ ಇಯಾನ್ ಫ್ಲೆಮಿಂಗ್‌ನ ಕಾದಂಬರಿಗಳಿದ್ದವು. ಇಲ್ಲಿ ಹಾಗಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಯೇ ಎಷ್ಟೋ ಮಂದಿ ಓದುವ ಚಟ ಹತ್ತಿಸಿಕೊಂಡಿದ್ದರೂ 999ರ ಬೇರು ಅಲ್ಲಿರಲಿಲ್ಲ.

ಬಾಂಡ್‌ನನ್ನು ಕನ್ನಡಕ್ಕೆ ಒಗ್ಗಿಸಿದ ರೀತಿಯಲ್ಲಿ ಮಾತ್ರ ಜಾಣತನವಿದೆ. ನಮ್ಮವನು ಸಿ.ಐ.ಡಿ.; ಪೊಲೀಸಿನವನು. ಭಾರತದ ಹೊರದೇಶ ಬೇಹುಗಾರಿಕೆಯ ಸಂಸ್ಥೆ ‘ರಾ’ ಹುಟ್ಟಿದ್ದೇ 1968ರ ಸೆಪ್ಟೆಂಬರಿನಲ್ಲಿ. ಹಾಗಾಗಿ ಅವನ ವೈರಿ ಶತ್ರುದೇಶವಲ್ಲ, ಕಳ್ಳಸಾಗಣೆಯವನು. ‘ಜೇಡರ ಬಲೆ’ಯಲ್ಲಿ ಇತರ ಲೋಹವನ್ನು ಚಿನ್ನ ಮಾಡುವ ಸೂತ್ರಕ್ಕಾಗಿ ಹೊಡೆದಾಟ, ಚಿನ್ನ ನಿಯಂತ್ರಣ ಕಾಯ್ದೆ ಬಂದದ್ದೂ 1968ರಲ್ಲೇ. ಮನೆಯ ಒಡವೆಗೂ ಸರ್ಕಾರದ ಕಣ್ಣು ಬಿದ್ದಿದ್ದ ಕಾಲದ ಪ್ರೇಕ್ಷಕನಿಗೆ ಆ ಸೂತ್ರ ತೀರಾ ಕಟ್ಟುಕಥೆ ಅನಿಸಿರಲಾರದು. ಗೋವಾ ಪೋರ್ಚುಗೀಸರ ಕೈಬಿಟ್ಟು ಆಗ ಏಳೇ ವರ್ಷವಾಗಿತ್ತು. ಅದೂ ಅರ್ಧ ಪರದೇಶವೇ.

ಇಷ್ಟಾದರೂ ಈ ಪರಂಪರೆಗೆ ದೊಡ್ಡ ಕೊರತೆಯೊಂದಿದೆ. ಅದು ಕಾಣುವುದು ಕಲಬುರಗಿಯಲ್ಲಿ ಕೂತು ನೋಡಿದಾಗ. ನಮ್ಮ ಸೂಪರ್ ಮಾರ್ಕೆಟ್ಟಿನ ಸಣ್ಣ ವ್ಯಾಪಾರಿಯೂ ಕನ್ನಡ, ದಖನಿ, ಮರಾಠಿ, ತೆಲುಗು ಅಂತ ಗಿರಾಕಿ ನೋಡಿ ಮಾತು ಬದಲಿಸುತ್ತಾನೆ. ಬೇಹುಗಾರನ ಮೊದಲ ವಿದ್ಯೆಯೇ ಅದು. ನಮ್ಮ 999 ಗಡ್ಡ ಮೀಸೆ ಬದಲಿಸಿದ, ಮಾತಿನ ಧಾಟಿ ಬದಲಿಸಲಿಲ್ಲ. ಎಲ್ಲಿ ಹೋದರೂ ಅದೇ ಪುಸ್ತಕದ ಕನ್ನಡ.

ಇನ್ನು ಕಥೆಯ ಮಾತು. ಕಲಬುರಗಿಯಿಂದ ಕಮಲಾಪುರ ದಾಟಿ, ಅಲ್ಲಿನ ಕೆಂಪು ಬಾಳೆಯ ತೋಟಗಳನ್ನು ಹಿಂದೆ ಬಿಟ್ಟು, ಹುಮನಾಬಾದ್ ಮೇಲೆ ಹೋದರೆ ಬೀದರ್. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ಹೈದರಾಬಾದ್ ನಿಜಾಮನ ಸಂಸ್ಥಾನಕ್ಕೆ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕದ್ದು ಶಸ್ತ್ರಾಸ್ತ್ರ ತಂದಿಳಿಸುತ್ತಿದ್ದ. ಅವು ಇಳಿಯುತ್ತಿದ್ದ ನೆಲಗಳಲ್ಲಿ ಬೀದರ್ ಒಂದು. 1939ರಲ್ಲಿ ವಿಮಾನದೊಳಗೆ ಕ್ಯಾಮೆರಾ ಬಚ್ಚಿಟ್ಟು ಜರ್ಮನಿಯ ನೆಲೆಗಳ ಫೋಟೊ ತೆಗೆದವನೂ ಇವನೇ. ಫ್ಲೆಮಿಂಗ್‌ನ ಗೆಳೆಯ, ಬಾಂಡ್‌ಗೆ ಇವನೂ ಒಂದು ಮಾದರಿ ಎಂಬ ಮಾತಿದೆ. ಮುಂದೆ ಲಂಡನ್ನಿನ ನ್ಯಾಯಾಲಯ ಈತನಿಗೆ ಹಾಕಿದ್ದು ಬರೀ 200 ಪೌಂಡ್ ದಂಡ!

ಅತ್ತ ಸಂಸ್ಥಾನದ ಗಡಿಯಾಚೆಯ ಮುಂಡರಗಿಯಲ್ಲಿ ನಿಜಾಮನ ವಿರುದ್ಧ ಹೋರಾಡುತ್ತಿದ್ದ ಅಳವಂಡಿ ಶಿವಮೂರ್ತಿ ಸ್ವಾಮಿಯವರ ಶಿಬಿರ, ಇತ್ತ ಊರೂರಲ್ಲಿ ನಿಜಾಮನ ಪರದ ರಜಾಕಾರರು, ನಡುವೆ ಸುದ್ದಿ ಹೊತ್ತು ಓಡಾಡುವವರು. ಸೆಪ್ಟೆಂಬರ್ 17ಕ್ಕೆ ನಿಜಾಮ ಭಾರತಕ್ಕೆ ಶರಣಾದ. ಇದಕ್ಕಿಂತ ಬಿಗಿಯಾದ ಚಿತ್ರಕಥೆ ಬೇಕೆ? ಬಾಂಡ್‌ನನ್ನು ಹುಡುಕಿಕೊಂಡು ನಮ್ಮವರು ಗೋವಾಕ್ಕೆ ಹೋದರು, ಕಠ್ಮಂಡುವಿಗೂ ಹೋದರು. ಅವನ ಮೂಲ ಎನ್ನಲಾದವನು ಬೀದರಿನಲ್ಲೇ ಇಳಿದಿದ್ದ.

ದೊರೈ–ಭಗವಾನ್‌ರನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವರು ವಾಣಿ, ಭಾರತೀಸುತ, ತ.ರಾ.ಸು. ಅವರ ಕಾದಂಬರಿಗಳತ್ತ ಹೊರಳಿ ‘ಎರಡು ಕನಸು’, ‘ಬಯಲು ದಾರಿ’, ‘ಚಂದನದ ಗೊಂಬೆ’ ಕೊಟ್ಟರು. ನನ್ನ ಮಟ್ಟಿಗೆ ಅವರ ಕಸುಬು ಪಕ್ವವಾದದ್ದು ಅಲ್ಲೇ. ಗಟ್ಟಿ ಕಥೆ ಸಿಕ್ಕಾಗ ಅವರು ಏನು ಮಾಡಬಲ್ಲರೆಂಬುದಕ್ಕೆ ಅವೇ ಸಾಕ್ಷಿ. 999ಕ್ಕೆ ಅಂಥ ಕಥೆಯನ್ನು ಯಾರೂ ಬರೆದುಕೊಡಲಿಲ್ಲ, ಈ ಭಾಗದ ಬರಹಗಾರರಾದ ನಾವೂ ಸೇರಿ.

1948ನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಬರೆಯುವ ಮನಸ್ಸಿರುವವರು ಬ್ಯಾಂಕಾಕಿಗೆ ಟಿಕೆಟ್ ತೆಗೆಸುವ ಮುಂಚೆ ಒಮ್ಮೆ ಬೀದರ್ ಬಸ್ಸು ಹತ್ತಿ, ಕಮಲಾಪುರದಲ್ಲೋ ಬೀದರಿನಲ್ಲೋ ಇಳಿದು ಆ ಹಿರಿಯರನ್ನು ಮಾತಾಡಿಸಲಿ.