ಚಳಿಗಾಲದ ಗೆಂಡೆಗೆ ಗಾಳ

ಇಂಗ್ಲೆಂಡಿನ ಕೆರೆಗಳಲ್ಲಿ ಜನವರಿಯ ಗೆಂಡೆ ಮೀನನ್ನು ಹಿಡಿಯುವುದು ಸುಲಭವಲ್ಲ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಾಂದ್ರತೆ ಅತಿ ಹೆಚ್ಚು. ಹಾಗಾಗಿ ಮೇಲೆ ಹೆಪ್ಪುಗಟ್ಟಿದರೂ ತಳದಲ್ಲಿ ಅಷ್ಟು ಬಿಸುಪು ಉಳಿದಿರುತ್ತದೆ. ಶೀತರಕ್ತದ ಗೆಂಡೆ ಜಡವಾಗುತ್ತದೆ, ತಿನ್ನುವುದು ಅತ್ಯಲ್ಪ.

ಇಂಥ ದಿನ ‘ಹೇರ್ ರಿಗ್’ನ ಜಾಣ್ಮೆ ಕಾಣಬೇಕು. ಲೆನ್ ಮಿಡಲ್ಟನ್, ಕೆವಿನ್ ಮ್ಯಾಡಕ್ಸ್ ರೂಪಿಸಿದ ಈ ಕಟ್ಟಿನಲ್ಲಿ ಎರೆ ಕೊಕ್ಕೆಗೆ ಚುಚ್ಚಿರುವುದಿಲ್ಲ. ಪಕ್ಕದ ಸಣ್ಣ ಎಳೆಯಲ್ಲಿ ತೂಗುತ್ತದೆ. ಮೀನು ಎರೆಯನ್ನು ಹೀರಿ, ಅನುಮಾನಗೊಂಡು ಉಗುಳಲು ಹೋದಾಗ ಬರಿಯ ಕೊಕ್ಕೆ ತುಟಿಗೆ ನಾಟುತ್ತದೆ. ಎಷ್ಟು ಸರಳ, ಎಷ್ಟು ಚೆಂದ!

1952ರಲ್ಲಿ ರೆಡ್‌ಮೈರ್ ಕೊಳದಲ್ಲಿ 44 ಪೌಂಡಿನ ಗೆಂಡೆ ಹಿಡಿದು, ಜೀವಂತವಾಗಿ ಲಂಡನ್ ಮೃಗಾಲಯಕ್ಕೆ ಕೊಟ್ಟ ರಿಚರ್ಡ್ ವಾಕರ್ ಅವರದು ಮತ್ತೊಂದು ಉಪಕಾರ: ಮೀನು ದಾರ ಎಳೆದೊಡನೆ ಸದ್ದು ಮಾಡುವ ವಿದ್ಯುತ್ ಸಾಧನ. ಗಾಳಗಾರರು ಈಗ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟೇ ಕಾಯಬಹುದು.