ಗಡ್ಡೆಯ ಸುದ್ದಿ ನೀರಿನ ಬಾಯಲ್ಲಿ

ಶಿಕಾರಿಪುರ, ಸೊರಬದ ಕಡೆಯಿಂದ 'ಕರೆಂಟು ಕೊಡಿಸಿಕೊಳ್ಳಲು', ಅಂದರೆ ವಿಕಿರಣ ಚಿಕಿತ್ಸೆಗೆ, ಹೊರಟವರನ್ನು ಬಸ್ಸಿನಲ್ಲೇ ಗುರುತಿಸಬಹುದು. ತೊಡೆಯ ಮೇಲೆ ಮಡಿಕೆ ಬೀಳದ ಹಾಗೆ ಹಿಡಿದ ದೊಡ್ಡ ಫಿಲ್ಮ್ ಕವರು ಇರುತ್ತದೆ. ಮಣಿಪಾಲಕ್ಕೋ, ಹುಬ್ಬಳ್ಳಿಯ ನವನಗರಕ್ಕೋ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಪಯಣ. ಗಂಟಲಿನ ಕ್ಯಾನ್ಸರಾದರೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ವಿಕಿರಣದ ಅಳತೆ), ವಾರಕ್ಕೆ 5 ದಿನ, 7 ವಾರಕ್ಕೆ 70 ಗ್ರೇ ವಿಕಿರಣ. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದ ಮೂರನೇ ವಾರದಲ್ಲಿ ಮನೆಯವರು ಕೇಳುತ್ತಾರೆ: ಗಡ್ಡೆ ಕರಗ್ತಿದೆಯಾ?

ಅಳತೆಪಟ್ಟಿ ಆಗಲೇ ಉತ್ತರ ಕೊಡದು. ಗಡ್ಡೆಯ ಗಾತ್ರ ನೋಡಿ ಚಿಕಿತ್ಸೆಯ ಫಲ ಅಳೆಯುವ, 2009ರಲ್ಲಿ ಪರಿಷ್ಕರಿಸಿದ ರೆಸಿಸ್ಟ್ ನಿಯಮದಂತೆ ವ್ಯಾಸ ಶೇ. 30 ತಗ್ಗಿದರೆ ಭಾಗಶಃ ಸ್ಪಂದನೆ. ಆದರೆ ಸತ್ತ ಕೋಶಗಳು ತೆರವಾಗುವುದಕ್ಕೆ ಕಾಲ ಹಿಡಿಯುತ್ತದೆ, ಮೇಲೆ ಊತ ಬೇರೆ.

ಮೊದಲೇ ಸುಳಿವು ಕೊಡಬಲ್ಲದ್ದು ಇನ್ನೊಂದು ಸ್ಕ್ಯಾನ್: ಡಿಫ್ಯೂಷನ್ ಎಂಆರ್‌ಐ. ಅದು ಗಡ್ಡೆಯ ಗಾತ್ರವನ್ನು ಬಿಟ್ಟು ಅದರೊಳಗಿನ ನೀರಿನ ಅಲೆದಾಟವನ್ನು ಅಳೆಯುತ್ತದೆ. ಒತ್ತಾಗಿ ಬೆಳೆದ ಅಗೆಮಡಿಯಲ್ಲಿ ಕಪ್ಪೆಗೆ ಜಿಗಿಯಲು ಜಾಗವಿರುವುದಿಲ್ಲ. ಅಗೆ ಕಿತ್ತ ಮೇಲೆ ಅದರದೇ ರಾಜ್ಯ. ಕೋಶಗಳ ಪೊರೆ ಒಡೆದಾಗ ನೀರಿಗೂ ಹಾಗೆಯೇ. 1986ರಲ್ಲಿ ಫ್ರಾನ್ಸಿನ ಡೆನಿಸ್ ಲೆ ಬಿಹಾನ್ ಮಿದುಳಿನ ಚಿತ್ರಗಳಲ್ಲಿ ತೋರಿಸಿದ ಈ ಅಳತೆಗೆ ಎಡಿಸಿ ಎಂದು ಹೆಸರು. ದೇಹದ ಬಿಸಿಯಲ್ಲಿ ತಡೆಯಿಲ್ಲದ ನೀರಿಗೆ ಅದು ಸೆಕೆಂಡಿಗೆ ಚದರ ಮಿಲಿಮೀಟರಿನ ಸಾವಿರದಲ್ಲಿ 3 ಪಾಲು. ಕೋಶ ಕಿಕ್ಕಿರಿದ ಗಡ್ಡೆಯಲ್ಲಿ ಹೆಚ್ಚಾಗಿ 1ರ ಆಸುಪಾಸು. ಚಿಕಿತ್ಸೆ ನಾಟಿದರೆ, ಗಡ್ಡೆ ಕುಗ್ಗುವ ಮೊದಲೇ ಈ ಅಂಕಿ ಏರತೊಡಗುತ್ತದೆ. ಸೂಜಿಯಿಲ್ಲ, ಔಷಧಿಯಿಲ್ಲ, ಹೆಚ್ಚುವರಿ ವಿಕಿರಣವಿಲ್ಲ. ಇಷ್ಟು ಚೆಂದದ ಉಪಾಯ ವೈದ್ಯಕೀಯದಲ್ಲಿ ಅಪರೂಪ.

ಆದರೂ ಬಳಸುವ ರೀತಿ ನನಗೆ ಒಪ್ಪಿಗೆಯಿಲ್ಲ. ಎಡಿಸಿಗೆ ಅರ್ಥ ಬರುವುದು ಹಿಂದಿನ ಎಡಿಸಿಯ ಪಕ್ಕದಲ್ಲಿಟ್ಟಾಗ. ನಮ್ಮವರ ಮೊದಲ ಸ್ಕ್ಯಾನ್ ಒಂದೂರಲ್ಲಿ, ಕರೆಂಟು ಇನ್ನೊಂದೂರಲ್ಲಿ, ತಪಾಸಣೆ ಖರ್ಚು ಕಡಿಮೆಯೆಂದು ಮತ್ತೊಂದು ಕಡೆ. ಯಂತ್ರ ಬೇರೆ, ಚಿತ್ರ ನೀರಿನ ಅಲೆದಾಟಕ್ಕೆ ಎಷ್ಟು ಸೂಕ್ಷ್ಮ ಎಂಬುದನ್ನು ಹೊಂದಿಸುವ ಬಿ-ಮೌಲ್ಯ ಬೇರೆ. ಒಂದೇ ಯಂತ್ರದಲ್ಲಿ ಎರಡು ಸಲ ತೆಗೆದರೂ ಹತ್ತರಲ್ಲೊಂದು ಪಾಲಿನ ಏರಿಳಿತ ಸುಮ್ಮನೆ ಬರಬಹುದು. ಅಂಥದ್ದರಲ್ಲಿ ವರದಿ 'ಡಿಫ್ಯೂಷನ್ ರಿಸ್ಟ್ರಿಕ್ಷನ್ ಇದೆ' (ನೀರಿನ ಅಲೆದಾಟಕ್ಕೆ ತಡೆಯಿದೆ) ಎಂಬ ಒಂದು ಸಾಲು ಬರೆದು, ಅಂಕಿಯನ್ನೇ ಕೊಡದೆ ಮುಗಿದರೆ, ಕಂದಾಯದ ರಸೀದಿಯಲ್ಲಿ ಮೊತ್ತ ಬಿಟ್ಟಂತೆ.

ಗಂಟಲಂತೂ ಈ ತಂತ್ರಕ್ಕೆ ಕೆಟ್ಟ ಜಾಗ. ಅಲ್ಲಿ ಗಾಳಿಯಿದೆ, ಹಲ್ಲಿಗೆ ತುಂಬಿಸಿದ ಲೋಹವಿದೆ, ಚಿತ್ರ ಸೊಟ್ಟಾಗುತ್ತದೆ. ಚಿಕಿತ್ಸೆಯ ನಡುವೆ ಅಂಟು ಜೊಲ್ಲು, ಕೆಮ್ಮು. ನುಂಗದೆ ಮಲಗಿ ಎಂದರೆ ಯಾರು ಮಲಗಿಯಾರು? ಊತದ ನೀರೂ ಡಿಫ್ಯೂಷನ್ ಚಿತ್ರದಲ್ಲಿ ಬಿಳಿಯಾಗಿ ಮಿಂಚಿ ಗಡ್ಡೆಯ ವೇಷ ಹಾಕುತ್ತದೆ. ಎಡಿಸಿ ನಕ್ಷೆಯಲ್ಲೂ ಅದೇ ಜಾಗ ಕಪ್ಪಾಗಿದ್ದರಷ್ಟೇ, ಅಂದರೆ ಅಂಕಿ ಕಡಿಮೆಯಿದ್ದರಷ್ಟೇ, ಅನುಮಾನ ಗಟ್ಟಿ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಈ ಕಾಟ ಕಡಿಮೆ, ಅಲ್ಲಿ ನಾನು ಇದನ್ನು ಹೆಚ್ಚು ನಂಬುತ್ತೇನೆ. ಗಂಟಲಿಗಾದರೆ, ಇದೊಂದನ್ನೇ ನೋಡಿ ಕರೆಂಟು ನಿಲ್ಲಿಸುವುದಾಗಲೀ ಹೆಚ್ಚಿಸುವುದಾಗಲೀ ಸಲ್ಲದು.

ಇನ್ನು ಆ ಕವರಿನ ವಿಷಯ. ಫಿಲ್ಮಿನಲ್ಲಿ ಕಪ್ಪು ಬಿಳುಪು ಮಾತ್ರ ಅಚ್ಚಾಗಿರುತ್ತದೆ. ಅದನ್ನು ಎಷ್ಟು ಬೆಳಕಿಗೆ ಹಿಡಿದರೂ ಎಡಿಸಿಯನ್ನು ಮತ್ತೆ ಲೆಕ್ಕ ಹಾಕಲಾಗದು. ಅಂಕಿಗಳಿರುವುದು ಸಿ.ಡಿ.ಯಲ್ಲಿ, ಕೇಳದಿದ್ದರೆ ಹಲವು ಕಡೆ ಅದನ್ನು ಕೊಡುವುದೇ ಇಲ್ಲ.